ಕರಿ ಶಟರ್

ಮಾರ್ಚ್ ೪, ಬುಧವಾರ. ಬ್ಯಾಡಗಿ.

ಗಂಟಲಲ್ಲಿ ಇನ್ನೂ ಮೆಣಸಿನಕಾಯಿ ಘಾಟು. ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ಇವತ್ತೂ ಕೈಕೊಟ್ಟಿತು. ರೈತರು ಇಟ್ಟ ಚೀಲಗಳಿಗೆ ಚೀಟಿ ತೆಗೆಯುವ ಸಾಫ್ಟ್‌ವೇರ್ ನಿಂತಾಗಲೆಲ್ಲ ಎಫ್ ಟ್ವೆಲ್ವ್ ಕೀ ಒತ್ತುತ್ತೇನೆ. ಕಂಪ್ಯೂಟರಿಗೆ ಆಜ್ಞೆ ಬರೆಯುವ ಕರಿ ಟರ್ಮಿನಲ್ ಪರದೆಯ ಮೇಲಿಂದ ಸರ್ರನೆ ಇಳಿದು ಎಲ್ಲವನ್ನೂ ಮುಚ್ಚುತ್ತದೆ. ಒಂದು ಸಾಲು ಹೊಡೆದು ಸಾಫ್ಟ್‌ವೇರನ್ನು ಎಬ್ಬಿಸುತ್ತೇನೆ, ಅದೇ ಕೀ ಒತ್ತಿ ಟರ್ಮಿನಲ್ಲನ್ನು ಮೇಲೆ ಕಳಿಸುತ್ತೇನೆ. ನನ್ನ ಲೆಕ್ಕಕ್ಕೆ ಅಷ್ಟೇ.

ಆದರೆ ಗಿರಾಕಿಗಳ ಕಡೆಗೂ ಒಂದು ಪರದೆ ಇದೆ, ನನ್ನದರಲ್ಲಿ ಕಂಡದ್ದೆಲ್ಲ ಅದರಲ್ಲೂ ಕಾಣುತ್ತದೆ. ಐರಣಿಯ ಗುಡ್ಡವ್ವ ಬೆಳಿಗ್ಗೆಯಿಂದ ಅದನ್ನೇ ನೋಡುತ್ತ ಕೂತಿದ್ದಳು. ಸರಿಯಾಗಿ ಅವಳ ಪಾಳಿಗೇ ಕರಿ ಟರ್ಮಿನಲ್ ಇಳಿಯಿತು. ಮೊಣಕಾಲು ಹಿಡಿದುಕೊಂಡು ಎದ್ದಳು.

“ಶಟರ್ ಎಳದ್ರೇನವ್ವಾ? ಇರ್ಲಿ ಬಿಡು, ನಾಳಿ ಬರ್ತೇನಿ.”

“ಇಲ್ಲಬೇ ಅಜ್ಜಿ, ಕುಂದ್ರು. ನಿಂದ ಕೆಲಸಾ ಮಾಡಾಕತ್ತೇನಿ.”

ಕೂತಳು. ಚೀಟಿ ಕೊಟ್ಟೆ. ಸಿಟ್ಟಿನಿಂದ ನಾಲ್ಕು ಮಾತು ಅಂದಿದ್ದರೆ ಇಷ್ಟೊತ್ತಿಗೆ ಮರೆತುಬಿಡುತ್ತಿದ್ದೆ. ಯಾಕ ಅಂತಲೂ ಕೇಳದೆ ಎದ್ದಳಲ್ಲ, ಅದೇ ಕಾಡುತ್ತಿದೆ.

ಈಗಷ್ಟೇ, ಇದನ್ನು ಬರೆಯುತ್ತಿರುವಾಗ, ಅವ್ವ ಏನೋ ಹೇಳಲು ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ನನ್ನ ಮುಖ ನೋಡಿದಳು.

“ಇರ್ಲಿ ಬಿಡು, ನಾಳಿ ಹೇಳ್ತೇನಿ,” ಅಂದು ಹೋದಳು.

ನಾನು ಯಾವ ಕೀಯನ್ನೂ ಒತ್ತಿರಲಿಲ್ಲ.