ಗಂಟೆಗೆ ಓಡಿ ಬರುವ ಬೆಕ್ಕು

ಸ್ಮೃತಿ ಅವರಿಗೆ, ಬಸವೇಶ್ವರನಗರದಿಂದ ವನಜಾಕ್ಷಿ ಬರೆಯೋದು.

ವಾಟ್ಸಾಪ್‌ನಲ್ಲಿ ಕೇಳಿದರೆ ನೀವು ಬರೀ ಹೃದಯದ ಗುರುತು ಒತ್ತಿ ಸುಮ್ಮನಾಗ್ತೀರಿ, ಅದಕ್ಕೇ ಈ ಕಾಗದ.

ಬೀದಿ ಬೆಕ್ಕುಗಳನ್ನ ತಂದಿಟ್ಟುಕೊಂಡು ಸಾಕೋರಿಗೆ ಕೊಡ್ತೀರಲ್ಲ, ಆ ನಿಮ್ಮ ಮಾರೇನಹಳ್ಳಿ ಮನೆಯಿಂದ ಭಾನುವಾರ ನಾನು ತಂದ ಬೂದು ಬೆಕ್ಕು ಚೆನ್ನಾಗಿದೆ. ಆದರೆ ಬೀದಿಯಲ್ಲಿ ಹುಟ್ಟಿ ಬೆಳೆದದ್ದು ಅಂದಿರಲ್ಲ, ಅದನ್ನ ನಾನು ನಂಬೋದಿಲ್ಲ. ಅವತ್ತೇ ಅನುಮಾನ ಬಂದಿತ್ತು. ಉಳಿದ ಬೆಕ್ಕುಗಳೆಲ್ಲ ಸೋಫಾ ಕೆಳಗೆ ಸೇರಿಕೊಂಡರೆ ಇದೊಂದು ನೇರವಾಗಿ ಬಂದು ನನ್ನ ತೊಡೆ ಹತ್ತಿತು. "ಅದೇ ನಿಮ್ಮನ್ನ ಆರಿಸ್ಕೊಂಡಿದೆ, ಆಂಟಿ" ಅಂದ್ರಿ. ನಾನೂ ಕರಗಿಬಿಟ್ಟೆ.

ಇದು ಯಾರದೋ ಮನೆಯಲ್ಲಿ ಬೆಳೆದದ್ದು ಅಂತ ಈಗ ಖಾತ್ರಿಯಾಗಿದೆ. ಬೆಳಿಗ್ಗೆ ನಾನು ಪೂಜೆಗೆ ಗಂಟೆ ಬಾರಿಸಿದರೆ ಎಲ್ಲಿದ್ದರೂ ಓಡಿ ಬರುತ್ತೆ. ದೇವರ ಮನೆ ಹೊಸಿಲು ಮಾತ್ರ ದಾಟೋದಿಲ್ಲ. ಆಚೆಯೇ ಕೂತು ನೈವೇದ್ಯದ ಹಾಲಿಗೆ ಕಾಯುತ್ತೆ. ಇದನ್ನ ಬೀದಿ ಕಲಿಸುತ್ತಾ? ಗೊತ್ತಿದ್ದೂ ಮುಚ್ಚಿಟ್ಟಿರೋ, ವಿಚಾರಿಸಲೇ ಇಲ್ಲವೋ, ಹೇಳಿಬಿಡಿ.

ಇದು ಯಾವ ರಸ್ತೆಯಲ್ಲಿ ಸಿಕ್ಕಿತು ಅಂತ ತಿಳಿಸಿ. ಇದರ ಫೋಟೋ ಪ್ರಿಂಟ್ ಹಾಕಿಸಿಟ್ಟಿದ್ದೀನಿ, ಕಳಕೊಂಡವರ ಕಣ್ಣಿಗೆ ಬೀಳಲಿ ಅಂತ ಅಲ್ಲಿನ ಹಾಲಿನ ಬೂತಿನ ಹತ್ತಿರ ಅಂಟಿಸಬೇಕು. ವಾಪಸ್ ಕೊಡೋ ಆಸೆ ನನಗೇನೂ ಇಲ್ಲ. ಇದನ್ನ ಬರೆಯುವಾಗಲೂ ನನ್ನ ಕಾಲ ಮೇಲೇ ಮಲಗಿದೆ.

ನಮ್ಮ ಹಳೇ ಬೆಕ್ಕು ಚಿನ್ನಿ ಕಾಣೆಯಾಗಿ ಎರಡು ವರ್ಷ ಆಯ್ತು. ಅವಳೂ ಹೀಗೇ, ಯಾರು ಕೂತರೂ ತೊಡೆ ಹತ್ತುತ್ತಿದ್ದಳು. ಈಗ ಯಾರ ಮನೆಯಲ್ಲಿದ್ದಾಳೋ, ಅವರಿಗೂ ಒಂದು ಸಲ ಅನುಮಾನ ಬರಲಿ ಅಂತ ದಿನಾ ಗಂಟೆ ಬಾರಿಸುವಾಗ ಕೇಳಿಕೊಳ್ತೀನಿ.

ಉತ್ತರಕ್ಕೆ ಕಾಯುತ್ತಿರುವ,
ವನಜಾಕ್ಷಿ