ರೇಡಿಯೋ ಮನೆಯ ಮುದುಕಿ

ನವೆಂಬರ್ 4, ಸೋಮವಾರ

ಬಂದವಳೇ ಮುದುಕಿಯ ಮುಂದೆ ಕೂತೆ. ನೀಲಿ ತೆರೆ, ಬಿಳಿ ಅಕ್ಷರ, ಎಂಟು ಸಾಲು. ಬಾಣದ ಗುಂಡಿಯಿಂದ ಮೊದಲ ಸಾಲಿಗೆ ಹೋಗಿ ಎಂಟರ್ — ‘ಆರೋಗ್ಯ ಹೇಗಿದೆ’. ನಾಲ್ಕು ದೀಪ, ನಾಲ್ಕೂ ಹಸಿರು. ಕಾಫಿಗೆ ನೀರಿಟ್ಟೆ.

ರೇಡಿಯೋ ನಡೆಸುವ ಈ ಸರ್ವರ್ ಕಂಪ್ಯೂಟರಿಗೆ ಮುದುಕಿ ಎಂದು ಹೆಸರಿಟ್ಟವನು ಇದನ್ನು ನೋಡಿಕೊಳ್ಳುವ ಬಾರ್ತುಲ್. ಈಗ ನನ್ನ ಬಾಯಿಗೂ ಅದೇ ಬಂದುಬಿಟ್ಟಿದೆ. ಮೌಸ್ ಇಲ್ಲ, ಚಿತ್ರ ಇಲ್ಲ. ‘ದಿನ್ಕಾ, ನಿನ್ನ ಕೈಗೆ ಕಮಾಂಡ್ ಕೊಟ್ಟರೆ ದ್ವೀಪವೇ ಮುಳುಗುತ್ತದೆ’ ಎಂದು ನನಗಾಗಿಯೇ ಈ ಮೆನು ಬರೆದುಕೊಟ್ಟ. ಹಾಡು ಹಾಕುವುದು, ನನ್ನ ಮಾತನ್ನು ಪ್ರಸಾರದ ಗೋಪುರಕ್ಕೂ ಇಂಟರ್ನೆಟ್ಟಿಗೂ ಕಳಿಸುವುದು, ಊರಿನ ಹಳೆಯ ದನಿಗಳನ್ನೆಲ್ಲ ಕಾಪಾಡುವುದು — ಎಲ್ಲ ಇವಳೊಬ್ಬಳದೇ ಕೆಲಸ. ಒಳಗೆ ಹಾಡು ಹಾಕುವ ಪ್ರೋಗ್ರಾಂಗೆ ಹಾಡುಗಾರ, ದನಿ ಕಳಿಸುವುದಕ್ಕೆ ಕಳಿಸುವವನು ಎಂದು ಹೆಸರಿಟ್ಟವನೂ ಅವನೇ.

ನಿನ್ನೆ ಹಡಗು ಹತ್ತುವಾಗಲೂ ಅದೇ ಮಾತು. “ಒಂದರಿಂದ ಏಳರ ತನಕ ಏನು ಬೇಕಾದ್ರೂ ಒತ್ತು. ಎಂಟು ಮಾತ್ರ ಮುಟ್ಟಬೇಡ.” ಎಂಟು ಅಂದರೆ ‘ಅಳಿಸು’. ಸ್ಪ್ಲಿಟ್ ನಗರದ ಆಸ್ಪತ್ರೆಗೆ ಹೃದಯದ ಕವಾಟ ಬದಲಿಸಿಕೊಳ್ಳಲು ಹೊರಟವನು ಆಡುವ ಮಾತೇ ಇದು? ಕೈ ಬೀಸಲಿಲ್ಲ. ಬೀಸಿದ್ದರೆ ನಾನು ಅಳುತ್ತಿದ್ದೆ, ಗೊತ್ತಿತ್ತು ಅವನಿಗೆ.

ಮಧ್ಯಾಹ್ನದ ಪ್ರಕಟಣೆ: ನಾಳೆ ಹಡಗು ಇದೆ. ಹಲ್ಲಿನ ಡಾಕ್ಟರು ಬರುವುದಿಲ್ಲ. ಯಾರದೋ ದೋಣಿಯ ಹುಟ್ಟು ಕೊಲ್ಲಿಯಲ್ಲಿ ತೇಲುತ್ತಿದೆ.

ನವೆಂಬರ್ 6, ಬುಧವಾರ

ಪ್ರಕಟಣೆ ಮುಗಿಸಿ ಹಾಡು ಹಾಕಿದೆ. ಅರ್ಧಕ್ಕೇ ಮೌನ. ಕಿಟಕಿಯ ಕೆಳಗಿಂದ ಯಾರೋ ಕೂಗಿದರು, “ದಿನ್ಕಾ, ಬದುಕಿದ್ದೀಯಾ?”

ಬಾರ್ತುಲ್‌ಗೆ ಫೋನ್.

“ಗೊತ್ತಾಯ್ತು,” ಎಂದ. “ಇಲ್ಲಿ ಮಲಗಿ ಮಾಡೋದೇನಿದೆ? ರೇಡಿಯೋದಲ್ಲಿ ನಿನ್ನ ದನಿಯನ್ನೇ ಕೇಳ್ತಿದ್ದೆ. ಒಂದನೇ ಸಾಲು ಏನನ್ನುತ್ತೆ?”

“ಮೂರು ಹಸಿರು, ಒಂದು ಕೆಂಪು. ‘ಹಾಡುಗಾರ ಮಲಗಿದ್ದಾನೆ’ ಅಂತ.”

“ಮೂರಕ್ಕೆ ಹೋಗು. ಎಬ್ಬಿಸು ಅವನನ್ನ.”

“ಬೈದು ಎಬ್ಬಿಸಲೋ, ಮುದ್ದು ಮಾಡಿಯೋ?”

“ಅವನಿಗೆ ಎಂಟರ್ ಸಾಕು. ಮಿಕ್ಕಿದ್ದು ನನಗಿಟ್ಟಿರು.”

ಒತ್ತಿದೆ. ಹಾಡು ಮೊದಲಿನಿಂದ ಶುರುವಾಯಿತು. ಮಿಕ್ಕಿದ್ದು ನನಗಿಟ್ಟಿರು... ಬೈಗುಳವನ್ನೋ, ಇನ್ನೊಂದನ್ನೋ? ಕೇಳಬೇಕಿತ್ತು. ಈ ವಯಸ್ಸಿಗೆ ಕೇಳುವುದೇನು — ಫೋನ್ ಇಟ್ಟೆ.

ನವೆಂಬರ್ 7, ಸಂಜೆ

ಮನೆಗೆ ಹೊರಡುವ ಮುನ್ನ ಸುಮ್ಮನೆ ಐದನೇ ಸಾಲು ತೆರೆದೆ — ‘ಒಳಗೆ ಯಾರಿದ್ದಾರೆ’. ಎರಡು ಹೆಸರು. ದಿನ್ಕಾ. ಬಾರ್ತುಲ್.

ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದು ಇಂಟರ್ನೆಟ್ಟಿನ ದಾರಿಯಲ್ಲಿ ಕಳ್ಳನ ಹಾಗೆ ಒಳಗೆ ಬಂದು ಮುದುಕಿಯ ನಾಡಿ ಹಿಡಿದು ಕೂತಿದ್ದಾನೆ. ಆರಕ್ಕೆ ಹೋದೆ — ‘ಚೀಟಿ ಕಳಿಸು’.

ಬರೆದೆ: ಹೊರಗೆ ನಡಿ.

ಉತ್ತರ ತೆರೆಯ ಅಡಿಯಲ್ಲಿ ಬಂತು: ಹಾಡುಗಾರ ಯಾಕೆ ಮಲಗ್ತಾನೆ ಅಂತ ನೋಡ್ತಿದ್ದೆ ಅಷ್ಟೆ.

— ನಿನಗೆ ವಿಶ್ರಾಂತಿ ಅಂತ ಹೇಳಿಲ್ವಾ?

— ಪಕ್ಕದ ಹಾಸಿಗೆಯವನು ಇಡೀ ದಿನ ಫುಟ್‌ಬಾಲ್ ಬಗ್ಗೆ ಕೊರೀತಾನೆ. ಇವಳು ಮಾತಾಡಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡ್ತಾಳೆ. ನೀನೂ ಹಾಗಿದ್ದಿದ್ರೆ.

— ಹಾಗಿದ್ದಿದ್ರೆ ರೇಡಿಯೋದಲ್ಲಿ ಮಾತಾಡೋರು ಯಾರು?

ಆಮೇಲೆ: ಮುಂದಿನ ಗುರುವಾರ ಬೆಳಿಗ್ಗೆ ಕೊಯ್ತಾರಂತೆ. ಭಯ ಆಗ್ತಿದೆ ದಿನ್ಕಾ.

ಎದುರಿಗಿದ್ದಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಏನೇನೋ ಬರೆದೆ, ಅಳಿಸಿದೆ. ಕೊನೆಗೆ ಕಳಿಸಿದ್ದು — ನನಗೂ.

ನವೆಂಬರ್ 12, ಮಂಗಳವಾರ

ಮೂರು ದಿನದಿಂದ ಯೂಗೊ ಬೀಸುತ್ತಿದೆ. ತೆಂಕಣ ಗಾಳಿ, ಗೋಡೆಯೆಲ್ಲ ಒದ್ದೆ, ಊರಿಗೆಲ್ಲ ತಲೆನೋವು. ಗಂಡ ಹೆಂಡಿರ ಜಗಳ, ಉಬ್ಬದ ಹಿಟ್ಟು, ಕೆಟ್ಟ ಬೋಟು — ಎಲ್ಲಕ್ಕೂ ಯೂಗೊ ಕಾರಣ.

ಆದರೂ ದನಿ ಮುದ್ರಿಸಲು ಜನ ಗುಡ್ಡ ಹತ್ತಿ ರೇಡಿಯೋ ಮನೆಗೆ ಬಂದರು. ಗುರುವಾರ ಬೆಳಿಗ್ಗೆ ಬಾರ್ತುಲ್‌ನನ್ನು ಒಳಗೆ ಕರೆದೊಯ್ಯುವ ಮುಂಚೆ ಎಲ್ಲರ ದನಿಯೂ ಅವನ ಕಿವಿಗೆ ಬೀಳಬೇಕು ಎಂದು ಹೇಳಿದ್ದೆ. ಅಂಚೆಯವನು ಕೆಮ್ಮಿದ್ದೇ ಹೆಚ್ಚು. ಗಂಡಸರ ಹಾಡಿನ ಮೇಳ ಬಾಗಿಲಲ್ಲೇ ಶ್ರುತಿ ಹಿಡಿಯಲು ಜಗಳವಾಡಿತು. ನೆಲ ಒರೆಸುವ ಪೆರಿನತ್ತೆ ಒರೆಸುವ ಬಟ್ಟೆಯನ್ನು ಕೈಗೆ ಸುತ್ತಿಕೊಂಡೇ ಮೈಕಿನ ಮುಂದೆ ನಿಂತು ಅಂದಳು: “ಬಾರ್ತುಲ್, ನನ್ನ ಕುಂಟೆ ತಗೊಂಡು ಹೋದವನು ಇನ್ನೂ ಕೊಟ್ಟಿಲ್ಲ. ಅದನ್ನ ಕೊಡೋಕಾದ್ರೂ ವಾಪಸ್ ಬಾ.”

ಎಲ್ಲರೂ ಹೋದ ಮೇಲೆ ಅತ್ತೆ ಸರ್ವರ್ ಕೋಣೆಯನ್ನೂ ಬಿಡಲಿಲ್ಲ. ನೆಲ ಉಜ್ಜುವ ಯಂತ್ರ ತಂದು ಗುಡುಗಿಸಿದಳು. ಅವನು ಬಂದಾಗ ಮುಖ ಕಾಣುವಷ್ಟು ಹೊಳೆಯಬೇಕಂತೆ.

ನವೆಂಬರ್ 14, ಗುರುವಾರ. ಬೆಳಿಗ್ಗೆ

ನಾಲ್ಕೂ ಕೆಂಪು.

ಹಾಡುಗಾರ ಮಲಗಿದ್ದಾನೆ, ಕಳಿಸುವವನು ಮಲಗಿದ್ದಾನೆ. ಮೂರಕ್ಕೆ ಹೋಗಿ ಎಬ್ಬಿಸಿದೆ. ಎದ್ದ ಹಾಗೆ ಮಾಡಿ ಮತ್ತೆ ಬಿದ್ದ. ಮತ್ತೆ ಎಬ್ಬಿಸಿದೆ. ಬಿದ್ದ. ಯೋಚನೆ ಸರಿಯಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಫೋನ್ ಬಂತು. ಅವನೇ.

“ರೇಡಿಯೋ ಯಾಕೆ ಸುಮ್ನಿದೆ?”

“ಯೂಗೊ,” ಎಂದೆ. “ಲೈನ್ ಹೋಗಿದೆ. ಈಗ ಬರುತ್ತೆ.”

“ನಾಲ್ಕನೇ ಸಾಲು ನೋಡಿದ್ಯಾ?”

“ಇವತ್ತು ನಿನ್ನ ಜತೆ ಸರ್ವರ್ ಮಾತಿಲ್ಲ ಬಾರ್ತುಲ್.”

“ನಾನು ಒಳಗೆ ಬರ್ತೀನಿ, ಒಂದು ಕ್ಷಣ...”

“ಬಂದ್ರೆ ನಿನ್ನ ಮುಖ ನೋಡಲ್ಲ. ಮಲಗು. ಇಯರ್‌ಫೋನ್ ಕಿವಿಗೆ ಹಾಕ್ಕೊಂಡು ಕಾಯ್ತಿರು.”

ಇಟ್ಟುಬಿಟ್ಟೆ. ಎದೆ ತೆರೆಯಲಿರುವವನಿಗೆ ಕೆಂಪು ದೀಪದ ಸುದ್ದಿ ಯಾಕೆ?

ಅದೇ ದಿನ, ಮಧ್ಯಾಹ್ನ

ಆದದ್ದನ್ನು ಬರೆದಿಡುತ್ತೇನೆ.

ಫೋನಿನಲ್ಲಿ ಅವನು ಕೊಟ್ಟ ಸುಳಿವಿನಂತೆ ನಾಲ್ಕಕ್ಕೇ ಹೋದೆ — ‘ಡಿಸ್ಕಿನಲ್ಲಿ ಜಾಗ’. ದಿನವೂ ಎರಡು ಸಾಲು ಇರುತ್ತಿತ್ತು: ಒಳಗಿನದು, ಹೊರಗಿನ ಪೆಟ್ಟಿಗೆಯದು. ಇವತ್ತು ಒಂದೇ. ಅದೂ ಕಂಠದವರೆಗೆ ಭರ್ತಿ. ಉಸಿರಾಡಲು ಜಾಗವಿಲ್ಲದೆ ಬಿದ್ದಿದ್ದಾಳೆ ಮುದುಕಿ.

ಮೇಜಿನಡಿ ತೂರಿದೆ. ಹೊರಗಿನ ಪೆಟ್ಟಿಗೆಯ ಪ್ಲಗ್ ಗೋಡೆಯಿಂದ ಹೊರಬಂದು ನೆಲದ ಮೇಲೆ. ಆ ಜಾಗದಲ್ಲಿ ನೆಲ ಉಜ್ಜುವ ಯಂತ್ರದ ವೈರು. ಆಗ ಅರ್ಥವಾಯಿತು. ಪ್ರತಿ ಇರುಳೂ ಮುದುಕಿ ಎಲ್ಲ ದನಿಗಳ ನಕಲನ್ನು ಹೊರಗಿನ ಪೆಟ್ಟಿಗೆಗೆ ಹಾಕುತ್ತಾಳೆ. ಪೆಟ್ಟಿಗೆ ಇಲ್ಲದಿದ್ದರೂ ಪಾಪ ಅವಳಿಗೆ ತಿಳಿಯದು. ಎರಡು ಇರುಳು ತನ್ನ ಹೊಟ್ಟೆಯೊಳಗೇ ತುಂಬಿಕೊಂಡಿದ್ದಾಳೆ.

ಪ್ಲಗ್ ಮತ್ತೆ ಸಿಕ್ಕಿಸಿದೆ, ಆದರೂ ಒಳಗೆ ತುಂಬಿದ್ದು ಹಾಗೇ ಇತ್ತು. ಜಾಗ ಮಾಡಬೇಕು. ಅಂದರೆ ಎಂಟು.

ಒತ್ತಿದೆ. ಪಟ್ಟಿ ಬಂತು: ಹಳೆಯ ದನಿಗಳು. ಮಂಗಳವಾರದ ನಕಲು. ಬುಧವಾರದ ನಕಲು. ಮುದುಕಿಯ ಗೊಣಗಾಟ. ನಕಲು ಅಳಿಸಿದರೆ ಒಂದೇ ಏಟಿಗೆ ಮುಗಿಯುತ್ತಿತ್ತು. ಆದರೆ ಅದು ನಕಲೋ, ನಕಲೆಂಬ ಹೆಸರಿನ ಅಸಲೋ? ಅಲ್ಲಿ ಯುದ್ಧದ ವರ್ಷಗಳ ದನಿಗಳಿವೆ. ಮುಳುಗಿದ ದೋಣಿಯವರ ದನಿಗಳಿವೆ. ನನ್ನಮ್ಮ ಅಂಜೂರದ ರೊಟ್ಟಿ ಮಾಡುವುದನ್ನು ಹೇಳಿದ್ದಿದೆ.

ಪೆರಿನತ್ತೆ ಬಾಗಿಲಲ್ಲಿ ನಿಂತಿದ್ದಳು. “ಅವನನ್ನೇ ಕೇಳೇ ಮಗಳೇ.”

“ಬೇಡ ಅತ್ತೆ.”

“ಹಾಗಾದ್ರೆ ಯಾವುದು ಹೋದ್ರೆ ಯಾರೂ ಅಳಲ್ವೋ ಅದನ್ನ ತೆಗಿ.”

ಗೊಣಗಾಟ. ತಾನು ದಿನವಿಡೀ ಏನು ಮಾಡಿದೆ ಎಂದು ಮುದುಕಿ ಬರೆದುಕೊಳ್ಳುವ ಸಾಲುಗಳು. ವರ್ಷಗಟ್ಟಲೆಯದು. ಎಷ್ಟೋ ಸಲ ಬಾರ್ತುಲ್ ನಕ್ಕಿದ್ದ: ಇದನ್ನ ಓದೋನು ನಾನೊಬ್ಬನೇ, ನನಗೂ ಬೇಜಾರು. ಈ ವಾರದ್ದು ಬಿಟ್ಟು ಹಳೆಯದನ್ನೆಲ್ಲ ಆರಿಸಿ, ಕಣ್ಣು ಮುಚ್ಚಿ ಎಂಟರ್.

ಒಂದಿಷ್ಟೇ ಜಾಗವಾಯಿತು. ಅಷ್ಟೇ ಸಾಕಾಯಿತು. ಒಂದು ಹಸಿರು. ಎರಡು. ಹಾಡುಗಾರ ಎದ್ದು ಕೂತ. ನಾಲ್ಕನೆಯದು ಹಸಿರಾಗುವ ಹೊತ್ತಿಗೆ ಪೆರಿನತ್ತೆ ನನ್ನ ಭುಜ ಹಿಸುಕಿ ಹಿಸುಕಿ ನೋಯಿಸಿದ್ದಳು.

ಮಂಗಳವಾರ ಮುದ್ರಿಸಿದ್ದ ದನಿಗಳನ್ನು ಪ್ರಸಾರಕ್ಕೆ ಬಿಟ್ಟೆ. ಕೆಮ್ಮು, ಹಾಡು, ಕುಂಟೆ. ನನ್ನದು ಕೊನೆಗೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ, ಇಡೀ ದ್ವೀಪ ಕೇಳಿದೆ.

ತೆರೆಯ ಅಡಿಯಲ್ಲಿ ಚೀಟಿ: ಪೆರಿನತ್ತೆಗೆ ಹೇಳು, ಕುಂಟೆ ಈಗ ನನ್ನದು. ಕರೀತಿದ್ದಾರೆ. ಹೋಗ್ಬರ್ತೀನಿ.

ಐದನೇ ಸಾಲಿನಲ್ಲಿ ಈಗ ನನ್ನೊಬ್ಬಳದೇ ಹೆಸರು.

ವೈರನ್ನು ನೋಡಿ ಅತ್ತೆಗೆ ಸಂಶಯ ಬಂದಿತ್ತು. “ನನ್ನಿಂದ ಆಯ್ತೇನೇ?”

“ಯೂಗೊ ಅತ್ತೆ,” ಎಂದೆ.

ಸಂಜೆ

ಇನ್ನೂ ಸುದ್ದಿಯಿಲ್ಲ.

ನವೆಂಬರ್ 15

ಎದ್ದಿದ್ದಾನೆ. ನರ್ಸ್ ಫೋನ್ ಮಾಡಿದ್ದಳು. ಕಣ್ಣು ಬಿಟ್ಟವನು ಮೊದಲು ಕೇಳಿದ್ದು “ಹಸಿರಾ?” ಅಂತೆ. ಏನು ಹಸಿರು ಎಂದು ಆಕೆಗೆ ತಿಳಿಯಲಿಲ್ಲವಂತೆ.

ಮೈಕಿನಲ್ಲಿ ಹೇಳಿದೆ. ಚರ್ಚಿನ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಮೊಳಗಿತು.

ನವೆಂಬರ್ 30, ಶನಿವಾರ

ಹಡಗಿನಿಂದ ಇಳಿದ. ಕೋಟಿನೊಳಗೆ ಅರ್ಧ ಬಾರ್ತುಲ್ ಮಾತ್ರ. ಊರೆಲ್ಲ ಹಡಗುಕಟ್ಟೆಯ ಮೇಲಿತ್ತು. ನನ್ನ ಕಿವಿಯಲ್ಲಿ ಅಂದ, “ಎಂಟು ಮುಟ್ಟಿದ್ದೀಯ.”

“ಗೊಣಗಾಟ ಮಾತ್ರ.”

“ಉಳಿದ ಗೊಣಗಾಟ ಓದಿದೆ. ನಕಲು ತೆಗೆದಿದ್ರೂ ಏನೂ ಆಗ್ತಿರಲಿಲ್ಲ.” ಆಮೇಲೆ ತಡೆದು, “ಆದ್ರೆ ಆ ಹೊತ್ತಲ್ಲಿ ನಾನೂ ಮುಟ್ತಿರಲಿಲ್ಲ.”

ಪೆರಿನತ್ತೆ ಅಳುತ್ತಾ ಬಂದು ಏನಾಗಿತ್ತಪ್ಪಾ ಅವತ್ತು ಎಂದು ಕೇಳಿದಳು. ಪ್ಲಗ್ ಯಾವಾಗ ಹೊರಬಂತು ಎಂದು ಮುದುಕಿ ಬರೆದಿಟ್ಟಿರುತ್ತಾಳೆ. ಅವನು ಅದನ್ನೂ ಓದಿರುತ್ತಾನೆ. ಎದೆ ಹಿಡಿದುಕೊಂಡು ಸಮುದ್ರದ ಕಡೆ ನೋಡಿ ಹೇಳಿದ: “ಯೂಗೊ ಅತ್ತೆ. ಏನ್ ಮಾಡೋದು.”

ಡಿಸೆಂಬರ್ 8, ಭಾನುವಾರ

ಅವನು ಗುಡ್ಡ ಹತ್ತಬಾರದು, ಭಾರ ಎತ್ತಬಾರದು. ಹಾಗಾಗಿ ಈಗ ಮುದುಕಿಯನ್ನು ಅವನ ಅಡುಗೆಮನೆಯಿಂದಲೇ ನೋಡಿಕೊಳ್ಳುತ್ತೇವೆ. ಬೆಳಿಗ್ಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಬರುತ್ತೇನೆ, ಅದೇ ನೀಲಿ ತೆರೆ, ಅದೇ ಎಂಟು ಸಾಲು. ಗುಂಡಿ ನಾನು ಒತ್ತುತ್ತೇನೆ, ಗೊಣಗುವುದು ಅವನು. ಪ್ರಕಟಣೆಗೆ ಗುಡ್ಡ ಹತ್ತಿ ಹೋಗಿ ಬರುವಷ್ಟರಲ್ಲಿ ಆಲೂಗಡ್ಡೆ ಸುಲಿದಿಟ್ಟಿರುತ್ತಾನೆ. ಸಂಜೆ ಮನೆಗೆ ಹೋಗುವುದು ದಿನದಿಂದ ದಿನಕ್ಕೆ ತಡವಾಗುತ್ತಿದೆ. ಕಟ್ಟೆಯ ಮೇಲಿನವರು ನೋಡಿಯೂ ನೋಡದಂತಿದ್ದಾರೆ. ನೋಡಲಿ.

ಒಲೆಯ ಮೇಲೆ ಸೊಪ್ಪು ಬೇಯುತ್ತಿದೆ. ಎದುರಿನ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದಾನೆ — ಅಂದುಕೊಂಡಿದ್ದೆ.

“ಏನ್ ಬರೀತಿದ್ದೀಯ?” ಕಣ್ಣು ಮುಚ್ಚಿಯೇ ಕೇಳಿದ.

“ಮುದುಕಿ ವಿಷಯ.”

“ಅದರಲ್ಲಿ ನಾನಿದ್ದೀನಾ?”

“ಅಲ್ಲಲ್ಲಿ.”

“ಹಾಗಿದ್ರೆ ಓದು. ಮೊದಲಿಂದ.”

ತಲೆ ಎತ್ತದೆ ಬರೆಯುತ್ತಲೇ ಇದ್ದೇನೆ. ಈಗ ಕಣ್ಣು ಬಿಟ್ಟಿದ್ದಾನೆ. ಕುರ್ಚಿಯನ್ನು ಇತ್ತ ಎಳೆಯಲು ಹೊರಟಿದ್ದಾನೆ — ಅವನು ಎಳೆಯಬಾರದು, ಡಾಕ್ಟರು ಹೇಳಿದ್ದಾರೆ, ನಾನೇ ಆ ಕಡೆಗೆ ಹೋಗಿ —