ಕಂಸದೊಳಗಿನ ಹೆಸರು

ಬ್ಯಾಡಗಿ
12 ಮಾರ್ಚ್ 2006

ಮಾನ್ಯ ರುದ್ರಮುನಿ ಸರ್ ಅವರಿಗೆ ನಮಸ್ಕಾರಗಳು.

ಮೆಣಸಿನಕಾಯಿ ಒಣಗಿಸುವ ಬಗ್ಗೆ ನಾನು ಬರೆದ ಪ್ರಬಂಧದ ನಲವತ್ತನೇ ಪುಟದಲ್ಲಿ ‘(ರಮಜಾನಬಿ)’ ಎಂಬುದಕ್ಕೆ ನೀವು ಕೆಂಪು ಸುತ್ತು ಹಾಕಿ, ‘ಯಾವ ಪುಸ್ತಕ? ಯಾವ ಇಸವಿ? ಇಲ್ಲದಿದ್ದರೆ ತೆಗೆದುಹಾಕು’ ಎಂದು ಬರೆದಿದ್ದಿರಿ.

ಪುಸ್ತಕವಿಲ್ಲ ಸರ್. ರಮಜಾನಬಿ ನಮ್ಮ ಮೆಣಸಿನಕಾಯಿ ಅಂಗಡಿಯಲ್ಲಿ ಕಾಯಿಯ ತೊಟ್ಟು ಬಿಡಿಸುತ್ತಿದ್ದವಳು. ‘ಕಿವಿ ಹತ್ರ ಹಿಡದು ಅಲ್ಲಾಡಸು, ತಂಗಿ. ಬೀಜ ಸಪ್ಪಳ ಮಾಡಿದ್ರ ಒಣಗೇತಿ’ ಎಂದು ನನಗೆ ಕಲಿಸಿದ್ದಳು. ಆಗ ನನಗೆ ಏಳೋ ಎಂಟೋ ವರ್ಷ, ಇಸವಿ ನೆನಪಿಲ್ಲ. ಹೋದ ವರ್ಷ ಆಕೆ ತೀರಿಕೊಂಡಳು. ನೀವು ಹೇಳಿದಂತೆ ಹೆಸರು ತೆಗೆದೆ. ಆಕೆಯ ಆ ಮಾತು ಮಾತ್ರ ಪುಟದಲ್ಲಿ ಉಳಿಯಿತು, ನನ್ನದೇ ಎಂಬಂತೆ.

ನಿನ್ನೆ ಮಧ್ಯಾಹ್ನ ಚೀಲಗಳಿಗೆ ಒರಗಿ ಕುಳಿತಲ್ಲೇ ನಿದ್ದೆ ಹತ್ತಿತು. ಕಾಯಿ ಹರವಿದ ಕೆಂಪು ಅಂಗಳ ಎಲ್ಲಿಯೂ ಮುಗಿಯುತ್ತಿರಲಿಲ್ಲ. ಅದರ ನಡುವೆ ರಮಜಾನಬಿ ಕುಳಿತಿದ್ದಳು. ಓದು ಬಾರದವಳು ನನ್ನ ಆ ಪುಟವನ್ನು ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ‘ಇದು ಇನ್ನೂ ಹಸಿ ಐತಿ, ತಂಗಿ’ ಎಂದಳು.

ಹೆಸರನ್ನು ಮತ್ತೆ ಸೇರಿಸಿದ್ದೇನೆ. ದಯವಿಟ್ಟು ಇರಗೊಡಿ. ಇಸವಿ ಬೇಕೇ ಬೇಕೆಂದರೆ, ಆಕೆ ಕೊನೆಯ ಸಲ ಮಾತಾಡಿದ್ದು ನಿನ್ನೆ.

ನಿಮ್ಮ ವಿದ್ಯಾರ್ಥಿನಿ,
ಭುವನಾ